ಹಾಯಿದೋಣಿಯ ಮುರಿದ ಮರ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರಿಗೆ ಸಮುದ್ರದ ಪರಿಚಯವು ಪುಸ್ತಕಗಳಿಂದ ಆದುದು. ನಾಡಿನ ಚರಿತ್ರೆಯನ್ನು ಓದುವಾಗ ನಮ್ಮ ದೃಷ್ಟಿ ಕೋಟೆಕೊತ್ತಲಗಳ ಮೇಲೂ ದೇವಾಲಯಗಳ ಮೇಲೂ ಶಿಲಾಶಾಸನಗಳ ಮೇಲೂ ನಿಲ್ಲುವುದೇ ಹೊರತು, ಘಟ್ಟವನ್ನಿಳಿದು ಕಡಲ ದಂಡೆಯವರೆಗೆ ಹೋಗುವುದು ವಿರಳ. ಆದರೆ ವಿಜಯನಗರದ ಅರಸರ ಲಾಯಗಳಿಗೆ ಪರದೇಶದ ಕುದುರೆಗಳು ಬಂದುದು ಕಡಲ ಮೇಲೆ. ಗೇರುಸೊಪ್ಪೆಯ ಮೆಣಸು ಹೊರದೇಶಗಳಿಗೆ ಹೋದುದು ಕಡಲ ಮೇಲೆ. ಧಾರವಾಡದ ಹತ್ತಿ ಮುಂಬಯಿಯನ್ನು ಸೇರಿದುದೂ ಬಹುಕಾಲ ಕಡಲ ಮೇಲೆಯೇ. ಇವೆಲ್ಲವನ್ನೂ ಹೊತ್ತು ನಡೆದವು ಹಾಯಿಯ ಹಡಗುಗಳು. ಆ ಹಾಯಿಯನ್ನು ಹೊತ್ತುದು ಒಂದು ಉದ್ದವಾದ ಮರ. ಆ ಮರವು ಮುರಿದಾಗ ಏನು ಮಾಡುತ್ತಿದ್ದರು, ಮಾಡಬಲ್ಲವರು ಯಾರಿದ್ದರು ಎಂಬುದೇ ನಾವು ಈ ಹೊತ್ತು ವಿಚಾರಮಾಡಬೇಕೆಂದಿರುವ ಸಂಗತಿ.

ಇದು ಬಡಗಿಗಳಿಗೆ ಸೇರಿದ ಮಾತು, ಚರಿತ್ರೆಗೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆಯೆಂದು ನಾವು ನಂಬಿದ್ದೇವೆ. ಒಂದು ಬಂದರಿನ ಏಳಿಗೆಯನ್ನು ನಾವು ಅಲ್ಲಿಗೆ ಬಂದ ಹಡಗುಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ಆದರೆ ಹಡಗು ಎಲ್ಲಿಗೆ ಬೇಕಾದರೂ ಬಂದೀತು. ಮುರಿದು ಬಂದ ಹಡಗು ಎಲ್ಲಿಂದ ಮತ್ತೆ ಹೊರಡಬಲ್ಲುದೋ ಅದೇ ನಿಜವಾದ ಬಂದರು. ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಊರುಗಳ ಕಥೆಯನ್ನು ಈ ದೃಷ್ಟಿಯಿಂದ ನೋಡಿದರೆ, ಅರಸರ ಮತ್ತು ಕಪ್ತಾನರ ಹೆಸರುಗಳ ಹಿಂದೆ ಮರೆಯಾಗಿರುವ ಕೆಲವು ಕೈಗಳು ಕಾಣಿಸುತ್ತವೆ.

ಮೊದಲು ಸ್ಥಳವನ್ನು ಮನಸ್ಸಿಗೆ ತಂದುಕೊಳ್ಳೋಣ. ದಕ್ಷಿಣದಿಂದ ಉತ್ತರಕ್ಕೆ ಹೋಗುವವನಿಗೆ ಮೊದಲು ಸಿಕ್ಕುವುದು ಶರಾಬಿ ಹೊಳೆಯ ದಂಡೆಯ ಭಟ್ಕಳ. ಆಮೇಲೆ ಶರಾವತಿಯು ಕಡಲನ್ನು ಸೇರುವೆಡೆಯ ಹೊನ್ನಾವರ. ಅದರ ಉತ್ತರಕ್ಕೆ ಕುಮಟಾ, ಅಘನಾಶಿನಿಯ ಅಳಿವೆ, ಮಿರ್ಜಾನದ ಕೋಟೆ. ಜೋಗದಲ್ಲಿ ಧುಮುಕಿ ನಮ್ಮ ಪಟ್ಟಣಗಳ ದೀಪಗಳನ್ನು ಬೆಳಗಿಸಿದ ಶರಾವತಿಯೇ ಹೊನ್ನಾವರದಲ್ಲಿ ವಿಶಾಲವಾಗಿ ಹರಡಿ ಶಾಂತಳಾಗಿ ಕಡಲನ್ನು ಕೂಡುತ್ತಾಳೆ. ಪೂರ್ವಕ್ಕೆ ಘಟ್ಟದ ದಟ್ಟವಾದ ಕಾಡು, ಪಶ್ಚಿಮಕ್ಕೆ ತೆಂಗಿನ ತೋಟ, ಅದರಾಚೆ ಕಡಲು. ಕಾಡು ಮರವನ್ನು ಕೊಟ್ಟಿತು, ತೋಟವು ನಾರನ್ನು ಕೊಟ್ಟಿತು, ಹೊಳೆಯ ಬಾಯಿಯು ಹಡಗನ್ನು ಎಳೆದಿಡಲು ನೆಲೆ ಕೊಟ್ಟಿತು. ಹಡಗು ಕಟ್ಟುವುದಕ್ಕೂ ಕೆಟ್ಟ ಹಡಗನ್ನು ನೆಟ್ಟಗೆ ಮಾಡುವುದಕ್ಕೂ ಬೇಕಾದುದೆಲ್ಲವೂ ಒಂದು ದಿನದ ದಾರಿಯೊಳಗೆ ದೊರೆಯುತ್ತಿತ್ತು.

ಇನ್ನು ಹಾಯಿಯ ವಿಚಾರ. ಈಗ ವಿನೋದಕ್ಕಾಗಿ ಓಡಿಸುವ ಪಾಶ್ಚಾತ್ಯ ಮಾದರಿಯ ಚಿಕ್ಕ ಹಾಯಿದೋಣಿಗಳಲ್ಲಿ ಹಾಯಿಯ ಕೆಳ ಅಂಚಿಗೆ ಒಂದು ಅಡ್ಡಮರವಿರುವುದು. ಅದನ್ನು ಬೂಮ್ ಎನ್ನುವರು. ನಮ್ಮ ಕರಾವಳಿಯ ಪತ್ತೆಮಾರಿ, ಮಚವೆ, ಮಂಜಿಗಳಲ್ಲಿ ಈ ಕೆಳಮರವಿರಲಿಲ್ಲ. ನೆಟ್ಟಗೆ ನಿಂತ ಕೂವೆಮರವು ಸ್ವಲ್ಪ ಮುಂದಕ್ಕೆ ವಾಲಿರುತ್ತಿತ್ತು. ಅದರ ತುದಿಯ ಹತ್ತಿರ ಒಂದು ಬಹು ಉದ್ದವಾದ ಅಡ್ಡಮರವನ್ನು ಓರೆಯಾಗಿ ತೂಗುಹಾಕಿ, ಮುಕ್ಕೋನಾಕಾರದ ಹಾಯಿಯನ್ನು ಅದರ ಉದ್ದಕ್ಕೂ ಕಟ್ಟುತ್ತಿದ್ದರು. ಅನೇಕ ವೇಳೆ ಈ ಅಡ್ಡಮರವು ಕೂವೆಗಿಂತಲೂ ಉದ್ದವಾಗಿರುತ್ತಿತ್ತು. ಹಾಯಿಗೆ ತಗುಲಿದ ಗಾಳಿಯ ಸಮಸ್ತ ಭಾರವನ್ನೂ ಹೊರುವ ಮರವಿದು. ಪಾಶ್ಚಾತ್ಯ ದೋಣಿಗೆ ಬೂಮ್ ಮುರಿದರೆ ಹೇಗೋ, ನಮ್ಮ ದೋಣಿಗೆ ಈ ಮರ ಮುರಿದರೆ ಅದಕ್ಕಿಂತಲೂ ಹೆಚ್ಚಿನ ಆಪತ್ತು. ಬೂಮ್ ಇಲ್ಲದೆಯೂ ಹಾಯಿಯು ಹೇಗೋ ನಿಂತೀತು. ಅಡ್ಡಮರವಿಲ್ಲದೆ ಅದು ನಿಲ್ಲಲಾರದು.

ಇದು ಮುರಿಯುವ ಸಂದರ್ಭಗಳೂ ತಿಳಿದವೇ. ಹಿಂದಿನಿಂದ ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ತಿರುಗಿ ಹಾಯಿಯ ಎದುರು ಮೈಗೆ ಹೊಡೆದರೆ, ಮರವು ಕೂವೆಯ ಮೇಲೆ ಒತ್ತಿ ನಡುವಿನಲ್ಲಿ ಸೀಳುವುದು. ದಿಕ್ಕನ್ನು ಬದಲಿಸುವಾಗ ಈ ಉದ್ದನೆಯ ಮರವನ್ನು ನೆಟ್ಟಗೆ ಮಾಡಿ, ಕೂವೆಯ ಮುಂಭಾಗದಿಂದ ಆಚೆಯ ಮಗ್ಗುಲಿಗೆ ಸಾಗಿಸಬೇಕು. ಆ ಕ್ಷಣದಲ್ಲಿ ಹಗ್ಗ ಹಿಡಿದ ಒಬ್ಬನ ಕೈ ತಪ್ಪಿದರೂ ಅನಾಹುತ. ಆದುದರಿಂದ ನುರಿತ ತಂಡೇಲನು ಮಳೆಗಾಲದ ಮೋಡವನ್ನು ಕಂಡೊಡನೆ ಮರವನ್ನು ಇಳಿಸುವ ಅಪ್ಪಣೆ ಕೊಡುತ್ತಿದ್ದನು. ಮರ ಇಳಿಸಿದವನು ಹೇಡಿಯೆಂದು ಯಾರೂ ನಗುತ್ತಿರಲಿಲ್ಲ.

ಈ ಮರದ ರಚನೆಯಲ್ಲಿ ನಾವು ಗಮನಿಸಬೇಕಾದ ಒಂದು ವಿಶೇಷವುಂಟು. ದೊಡ್ಡ ಹಡಗುಗಳಲ್ಲಿ ಅದು ಸಾಮಾನ್ಯವಾಗಿ ಒಂದೇ ಮರವಾಗಿರುತ್ತಿರಲಿಲ್ಲ. ಎರಡು ಅಥವಾ ಹೆಚ್ಚು ಮರಗಳ ದಪ್ಪನೆಯ ತುದಿಗಳನ್ನು ನಡುವಿನಲ್ಲಿ ಒಂದರ ಮೇಲೊಂದು ಹಾಯಿಸಿ, ಹಗ್ಗದಿಂದ ಬಲವಾಗಿ ಸುತ್ತಿ ಕಟ್ಟಿ, ಎರಡು ಕಡೆಗೂ ಸಣ್ಣಗಾಗುತ್ತ ಹೋಗುವ ಒಂದು ಮರವನ್ನಾಗಿ ಮಾಡುತ್ತಿದ್ದರು. ಎಲ್ಲಿ ಭಾರ ಹೆಚ್ಚೋ ಅಲ್ಲಿ ಎರಡು ಪಟ್ಟು ಮರ ಬಂದಿತು. ಮೇಲಿನ ಭಾಗ ಮುರಿದರೆ ಕಟ್ಟು ಬಿಚ್ಚಿ ಅದೊಂದನ್ನೇ ತೆಗೆದು ಬೇರೊಂದನ್ನು ಕಟ್ಟಬಹುದಾಯಿತು. ಅಖಂಡವಾದುದು ಒಮ್ಮೆ ಮುರಿದರೆ ಮುರಿದೇ ಹೋಯಿತು. ಕಟ್ಟಿ ಮಾಡಿದುದನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಈ ಮರವನ್ನು ಮೊದಲು ಮಾಡಿದವನು ಅದು ಮುರಿಯುವ ದಿನವನ್ನೂ ಯೋಚಿಸಿಯೇ ಮಾಡಿದನೆಂದು ಹೇಳಬೇಕು.

ಚಿಕ್ಕ ದೋಣಿಗಳಲ್ಲಿ ಒಂದೇ ಮರವಿರುತ್ತಿದ್ದುದೂ ಉಂಟು. ಅದು ಮುರಿದರೆ ಎರಡು ಉಪಾಯಗಳು. ಕಡಲ ಮೇಲಿದ್ದಾಗ ಮಾಡುವುದು ಒಂದು, ದಂಡೆಗೆ ಬಂದ ಮೇಲೆ ಮಾಡುವುದು ಇನ್ನೊಂದು.

ಕಡಲ ಮೇಲಿನ ಉಪಾಯವು ನಮ್ಮ ಹಳ್ಳಿಗಳಲ್ಲಿ ಕಾಲು ಮುರಿದವನಿಗೆ ನಾಟಿವೈದ್ಯನು ಮಾಡುವ ಚಿಕಿತ್ಸೆಯನ್ನೇ ಹೋಲುವುದು. ಮೊದಲು ಮರವನ್ನಿಳಿಸಿ ಹಾಯಿಯನ್ನು ಬಿಚ್ಚಿ ಮಡಿಚಿಡಬೇಕು. ಹಾಯಿ ಹರಿದರೆ ಮರ ಸರಿಯಾಗಿಯೂ ಪ್ರಯೋಜನವಿಲ್ಲ. ಮುರಿದ ಎರಡು ತುದಿಗಳನ್ನು ಸೇರಿಸಿ, ಸೀಳುಗಳು ಒಂದರೊಳಗೊಂದು ಮೊದಲಿನಂತೆ ಕುಳಿತುಕೊಳ್ಳುವ ಹಾಗೆ ಒತ್ತಬೇಕು. ಸೀಳಿನ ಎರಡು ಕಡೆಗೂ ಸಾಕಷ್ಟು ಚಾಚುವಂತೆ ಬಿದಿರಿನ ದಬ್ಬೆಗಳನ್ನೋ, ಹುಟ್ಟಿನ ಹಿಡಿಯನ್ನೋ, ಸಿಕ್ಕಿದ ಕೋಲನ್ನೋ ಸುತ್ತಲೂ ಇಡಬೇಕು. ಆಮೇಲೆ ಕತ್ತದ ಹಗ್ಗವನ್ನು ಒಂದೇ ಕಡೆ ರಾಶಿಯಾಗಿ ಸುತ್ತದೆ, ಅಲ್ಲಲ್ಲಿ ಗೇಣುದ್ದದ ಕಟ್ಟುಗಳಾಗಿ ಸುತ್ತಬೇಕು. ಒಂದೇ ಕಟ್ಟಾದರೆ ಅದು ಜಾರಿದೊಡನೆ ಎಲ್ಲವೂ ಜಾರುವುದು. ಹಲವು ಕಟ್ಟುಗಳಿದ್ದರೆ ಒಂದು ಸಡಿಲವಾದರೂ ಮಿಕ್ಕವು ಹಿಡಿದಿರುವುವು. ಕೊನೆಯಲ್ಲಿ ಪ್ರತಿಯೊಂದು ಕಟ್ಟಿನ ಕೆಳಗೂ ಮರದ ಬೆಣೆಯನ್ನು ಹೊಡೆದು ಬಿಗಿಮಾಡಬೇಕು. ಕೈಯಿಂದ ಎಳೆದು ಬರದ ಬಿಗಿಯು ಬೆಣೆಯಿಂದ ಬರುವುದು. ಇಷ್ಟಾದ ಮೇಲೆಯೂ ಹಾಯಿಯನ್ನು ಪೂರ್ತಿ ಬಿಚ್ಚಬಾರದು. ಕಟ್ಟಿದ ಕಾಲಿನವನು ಓಡುವುದಿಲ್ಲ, ಕುಂಟುತ್ತ ಮನೆಗೆ ಬರುತ್ತಾನೆ. ದೋಣಿಯ ರೀತಿಯೂ ಅದೇ.

ದಂಡೆಯ ಉಪಾಯದಲ್ಲಿ ಆತುರವಿಲ್ಲ. ಬಡಗಿಯು ಮುರಿದ ತುದಿಗಳನ್ನು ಕತ್ತರಿಸಿ ಹಾಕಿ, ಎರಡು ಮರಗಳನ್ನೂ ಉದ್ದವಾದ ಓರೆಯಾಗಿ ಕೆತ್ತುತ್ತಾನೆ. ಮರದ ದಪ್ಪಕ್ಕೆ 8ರಿಂದ 12ರಷ್ಟು ಉದ್ದವಾದ ಓರೆಯಿರಬೇಕೆಂಬುದು ಎಲ್ಲ ದೇಶಗಳ ನಾವೆಯ ಬಡಗಿಗಳೂ ಅನುಭವದಿಂದ ಕಂಡುಕೊಂಡ ನಿಯಮ. ಓರೆ ಗಿಡ್ಡವಾದರೆ ಬೆಸುಗೆಗೆ ಹಿಡಿತ ಸಾಲದು; ಉದ್ದವಾದಷ್ಟೂ ಭಾರವು ಒಂದೇ ಗೆರೆಯ ಮೇಲೆ ಬೀಳದೆ ಹರಡಿಹೋಗುವುದು. ಎರಡು ಓರೆಗಳೂ ಬೆಳಕು ನುಸುಳದಂತೆ ಕೂಡುವವರೆಗೆ ಕೆತ್ತಿ, ಒಣಗಿಸಿ, ಮೇಲೆ ಹಗ್ಗದ ಕಟ್ಟುಗಳನ್ನು ಹಾಕಿದರೆ ಮರವು ಮತ್ತೆ ಕೆಲವು ಋತುಗಳ ಕಾಲ ಸೇವೆಮಾಡುವುದು. ಹೊಸ ಮರದ ತುಂಡು ಹಳೆಯದರಷ್ಟೇ ಬಳುಕುವಂತೆ ನೋಡಿಕೊಳ್ಳುವುದು ಇಲ್ಲಿಯ ಗುಟ್ಟು. ಒಂದು ಭಾಗ ಬಗ್ಗಿ ಇನ್ನೊಂದು ಬಗ್ಗದಿದ್ದರೆ, ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಮುರಿತವು ನಿಶ್ಚಯ.

ಇದಕ್ಕೆ ಬೇಕಾದ ಹಗ್ಗವು ಸುಮ್ಮನೆ ದೊರೆಯುವುದಲ್ಲ. ತೆಂಗಿನ ಸಿಪ್ಪೆಯನ್ನು ಹೊಳೆಯ ಬಾಯಿಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆಸಿ, ಬಡಿದು, ನಾರನ್ನು ಬಿಡಿಸಿ ಹೊಸೆಯಬೇಕು. ಉಪ್ಪುನೀರಿಗೆ ಬೇಗ ಕೆಡದ, ಎಳೆದಾಗ ಸ್ವಲ್ಪ ಜಗ್ಗಿ ಬಿಟ್ಟಾಗ ಹಿಂದಿರುಗುವ ಗುಣವು ಈ ನಾರಿಗುಂಟು. ಈ ಜಗ್ಗುವ ಗುಣವೇ ಈ ಕಡಲಿನ ನಾವೆಗಳ ಬಾಳಿಗೆ ಆಧಾರವಾಗಿದ್ದಿತು.

ಇಷ್ಟು ತಿಳಿದ ಮೇಲೆ ಚರಿತ್ರೆಯ ಕಡೆಗೆ ತಿರುಗೋಣ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ಎಂಬ ವೆನಿಸ್ ನಗರದ ಪ್ರವಾಸಿಯು ಹೊರ್ಮುಜದ ಬಂದರಿನಲ್ಲಿ ಕಬ್ಬಿಣದ ಮೊಳೆಗಳಿಲ್ಲದೆ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಕಂಡು, ಇವು ಅತಿ ಹೀನವಾದ ಹಡಗುಗಳು, ಅನೇಕವು ಮುಳುಗಿಹೋಗುತ್ತವೆ ಎಂದು ಬರೆದನು. ಅವನ ತರುವಾಯ ಬಂದ ಇಬ್ನ್ ಬತೂತನು ಅದೇ ಹೊಲಿಗೆಯನ್ನು ಕಂಡು ಬೇರೊಂದು ಅಭಿಪ್ರಾಯವನ್ನು ಕೊಟ್ಟನು: ಈ ಕಡಲಿನಲ್ಲಿ ಬಂಡೆಗಳು ಹೆಚ್ಚು, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವುದು, ನಾರಿನಿಂದ ಹೊಲಿದುದು ಬಳುಕಿಕೊಂಡು ಉಳಿಯುವುದು ಎಂದು. ಇಬ್ಬರೂ ಕಣ್ಣಾರೆ ಕಂಡುದನ್ನೇ ಬರೆದರು. ಒಬ್ಬನು ಕಂಡುದು ನ್ಯೂನತೆಯನ್ನು, ಇನ್ನೊಬ್ಬನು ಕಂಡುದು ಅದರ ಕಾರಣವನ್ನು.

ಇಬ್ನ್ ಬತೂತನು 1340ರ ದಶಕದಲ್ಲಿ ಹೊನ್ನಾವರದಲ್ಲಿದ್ದನು. ಊರಿನವರಿಗೆ ಸಾಗುವಳಿಯ ಭೂಮಿಯಿಲ್ಲ, ಕಡಲ ವ್ಯಾಪಾರವೇ ಅವರ ಜೀವನವೆಂದು ಅವನು ಹೇಳುತ್ತಾನೆ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳನ್ನು ಕಂಡುದಾಗಿಯೂ ಬರೆದಿದ್ದಾನೆ. ಅಲ್ಲಿಯ ಸುಲ್ತಾನ ಜಮಾಲುದ್ದೀನನು ಒಬ್ಬ ಹಿಂದೂ ಅರಸನ ಅಧೀನನಾಗಿದ್ದನು; ಆ ಅರಸನನ್ನು ವಿಜಯನಗರದ ಮೊದಲನೆಯ ಹರಿಹರನೆಂದು ವಿದ್ವಾಂಸರು ಗುರುತಿಸಿದ್ದಾರೆ. ಜಮಾಲುದ್ದೀನನು ಗೋವೆಯ ಮೇಲೆ ದಂಡೆತ್ತಿ ಹೋದಾಗ 52 ಹಡಗುಗಳನ್ನು ಸಜ್ಜುಗೊಳಿಸಿದನೆಂದೂ, ಅವುಗಳಲ್ಲಿ ಎರಡರ ಹಿಂಭಾಗವು ತೆರೆಯುವಂತಿದ್ದು, ಸವಾರರು ಒಳಗೇ ಕುದುರೆಯನ್ನೇರಿ ಹೊರಗೆ ಬರಬಹುದಾಗಿತ್ತೆಂದೂ ಅವನ ವರ್ಣನೆಯಿಂದ ತಿಳಿಯುತ್ತದೆ. ಐವತ್ತೆರಡು ಹಡಗುಗಳೆಂದರೆ ಐವತ್ತೆರಡಕ್ಕೆ ಕಡಮೆಯಿಲ್ಲದ ಕೂವೆಗಳು, ಅಷ್ಟೇ ಅಡ್ಡಮರಗಳು, ಕೋಸುಗಟ್ಟಲೆ ಹಗ್ಗ. ಪ್ರವಾಸಿಯು ಸುಲ್ತಾನನ ಪ್ರಾರ್ಥನೆಯನ್ನೂ ಭೋಜನವನ್ನೂ ಸವಿಸ್ತಾರವಾಗಿ ಬಣ್ಣಿಸಿದ್ದಾನೆ. ಈ ಹಗ್ಗವನ್ನು ಹೊಸೆದವರ ಹೆಸರನ್ನು ಹೇಳಿಲ್ಲ. ಅದು ಅವನೊಬ್ಬನ ತಪ್ಪಲ್ಲ. ಚರಿತ್ರಕಾರರ ಸಾಮಾನ್ಯ ಸ್ವಭಾವ.

ಒಂದೂವರೆ ಶತಮಾನದ ಅನಂತರ ಈ ಕಡಲಿಗೆ ಪೋರ್ತುಗೀಸರು ಬಂದರು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನು ಮೊದಲು ಮಾಡಿದ ಕೆಲಸವೆಂದರೆ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳನ್ನು ಮಗ್ಗುಲಾಗಿಸಿ ತಳವನ್ನು ಶುದ್ಧಿಮಾಡಿ ಸರಿಪಡಿಸಿಕೊಂಡುದು. ಮುಂದೆ ಆಫ್ರಿಕದ ತೀರವನ್ನು ಸೇರಿದಾಗ ಅವನ ಜನರಲ್ಲಿ ಎಷ್ಟೋ ಮಂದಿ ರೋಗದಿಂದ ಸತ್ತಿದ್ದರು. ಮೂರು ಹಡಗುಗಳನ್ನು ನಡೆಸುವಷ್ಟು ಕೈಗಳಿಲ್ಲದೆ, 1499ರಲ್ಲಿ ಸಾವೊ ರಫಾಯೆಲ್ ಎಂಬ ಹಡಗನ್ನು ತಾವೇ ಸುಟ್ಟುಹಾಕಬೇಕಾಯಿತು. ಹಡಗು ಇತ್ತು, ಹಾಯಿ ಇತ್ತು, ಕೈಗಳಿರಲಿಲ್ಲ. ಕಡಲಿನ ಚರಿತ್ರೆಯಲ್ಲಿ ಈ ಪಾಠವು ಮತ್ತೆ ಮತ್ತೆ ಬರುವುದು.

ಆ ಕಾಲದ ಭಟ್ಕಳವು ವಿಜಯನಗರದ ಮುಖ್ಯ ಬಂದರುಗಳಲ್ಲೊಂದು. ಹೊರ್ಮುಜದಿಂದ ಕುದುರೆಗಳೂ ಮುತ್ತುಗಳೂ ಅಲ್ಲಿಗೆ ಬಂದು, ಅಕ್ಕಿ, ಸಕ್ಕರೆ, ಕಬ್ಬಿಣಗಳು ಅಲ್ಲಿಂದ ಹೋಗುತ್ತಿದ್ದುವೆಂದು ಹದಿನಾರನೆಯ ಶತಮಾನದ ಆದಿಯಲ್ಲಿ ದುವಾರ್ತೆ ಬಾರ್ಬೋಸನು ಬರೆದಿದ್ದಾನೆ. ಇಂಥ ಊರಿನ ಮೇಲೆ ಹೊಸಬರ ಕಣ್ಣು ಬೀಳದಿರುವುದುಂಟೆ? 1502ರಲ್ಲಿ ಗಾಮನ ಪಡೆ ಭಟ್ಕಳಕ್ಕೆ ಬಂದು ಅಕ್ಕಿಯ ಕಪ್ಪವನ್ನು ಕೇಳಿತು. 1505ರಲ್ಲಿ ಅಲ್ಮೇದನು ಹೊನ್ನಾವರದ ಹೊಳೆಯಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟನು. 1542ರಲ್ಲಿ ಮಾರ್ತಿಂ ಅಫೋನ್ಸೊ ಡ ಸೌಸನು ಭಟ್ಕಳವನ್ನು ಸೂರೆಮಾಡಿದನು. ಇಷ್ಟಾದರೂ ಈ ಊರುಗಳು ಬಂದರುಗಳಾಗಿಯೇ ಉಳಿದುವೆಂಬುದು ಗಮನಾರ್ಹ. ಬೆಂಕಿಯು ಹಡಗನ್ನು ಸುಟ್ಟೀತು. ಘಟ್ಟದ ಮೇಲಿನ ಕಾಡನ್ನೂ ಬಡಗಿಯ ತಲೆಯೊಳಗಿನ ಅಳತೆಯನ್ನೂ ಸುಡಲಾರದು. ಹೊನ್ನಾವರದ ತಿಮ್ಮೋಜನು 1510ರಲ್ಲಿ ಆಲ್ಬುಕರ್ಕನಿಗೆ ಗೋವೆಯನ್ನು ಗೆಲ್ಲಲು ನೆರವಾದುದು ತನ್ನ ಹಡಗುಗಳಿಂದ. ಅಲ್ಮೇದನ ಬೆಂಕಿಯಾಗಿ ಆಗ ಇನ್ನೂ ಐದು ವರ್ಷಗಳಷ್ಟೇ ಕಳೆದಿದ್ದುವು.

ನಮ್ಮ ಮೈಸೂರಿಗೆ ಈ ತೀರದ ಸಂಬಂಧ ಬಂದುದು 1763ರಲ್ಲಿ, ಹೈದರಾಲಿಯು ಬಿದನೂರನ್ನು ಗೆದ್ದಾಗ. ಕೆಳದಿಯ ನಾಯಕರ ಕೈಯಲ್ಲಿದ್ದ ಹೊನ್ನಾವರ, ಭಟ್ಕಳ, ಮಂಗಳೂರುಗಳು ಅವನ ವಶವಾದುವು. ನೌಕಾಬಲದ ಮಹತ್ವವನ್ನು ಅವನು ಚೆನ್ನಾಗಿ ಅರಿತಿದ್ದನು. ಆದರೆ ಕುದುರೆಯ ದಳದಲ್ಲಿ ಪಳಗಿದ ಲುತ್ಫ್ ಅಲಿ ಬೇಗನನ್ನು ನೌಕೆಗಳ ಅಧಿಪತಿಯನ್ನಾಗಿ ನೇಮಿಸಿದುದು ಹಡಗಿನ ಕಪ್ತಾನರಿಗೆ ಒಪ್ಪಿಗೆಯಾಗಲಿಲ್ಲ. 1768ರಲ್ಲಿ ಮುಂಬಯಿಯ ಇಂಗ್ಲಿಷರ ಪಡೆಯು ಬಂದಾಗ ಆ ನೌಕೆಗಳು ಕಾದಾಡದೆ ಅವರ ಪಕ್ಷವನ್ನು ಸೇರಿದುವು. ಹೈದರನು ಮತ್ತೆ ಹಡಗುಗಳನ್ನು ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸನು ಮಂಗಳೂರಿನಲ್ಲಿ ಅವುಗಳನ್ನು ನಾಶಮಾಡಿದನು.

ಟಿಪ್ಪೂ ಸುಲ್ತಾನನ ಯೋಜನೆ ಇನ್ನೂ ದೊಡ್ಡದು. 1796ರಲ್ಲಿ ಅವನು ಹೊರಡಿಸಿದ ನಿರೂಪದಲ್ಲಿ ಸುಮಾರು 40 ದೊಡ್ಡ ಯುದ್ಧನೌಕೆಗಳನ್ನು ಕಟ್ಟಬೇಕೆಂದೂ, ಅವುಗಳನ್ನು ಮೂರು ವಿಭಾಗಗಳಾಗಿ ಮಾಡಿ, ಒಂದನ್ನು ಮಂಗಳೂರಿಗೂ, ಒಂದನ್ನು ಹೊನ್ನಾವರದ ಬಸವರಾಜದುರ್ಗದ ಕಡೆಗೂ, ಇನ್ನೊಂದನ್ನು ಸದಾಶಿವಗಡದ ಕಡೆಗೂ ಸೇರಿಸಬೇಕೆಂದೂ ವಿಧಿಸಿತ್ತು. ಕಾಗದದ ಮೇಲೆ ಎಲ್ಲವೂ ಕ್ರಮಬದ್ಧವಾಗಿದ್ದಿತು. ಮೂರು ವರ್ಷಗಳಲ್ಲಿ, 1799ರ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣವು ಬಿದ್ದು ಆ ಯೋಜನೆಯು ಮುಗಿಯದೆ ನಿಂತಿತು. ಅವಕಾಶ ದೊರೆತಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ತಂದೆಯ ಕಾಲದ ಅನುಭವವು ಒಂದು ಮಾತನ್ನು ಸ್ಪಷ್ಟಪಡಿಸಿತ್ತು. ಹಡಗನ್ನು ಆಜ್ಞೆಯಿಂದ ಕಟ್ಟಿಸಬಹುದು. ಹಡಗನ್ನು ಅರಿತವನನ್ನು ಆಜ್ಞೆಯಿಂದ ಹುಟ್ಟಿಸಲಾಗದು. ಅವನು ದಂಡೆಯ ಮೇಲೆ, ತಂದೆಯ ಬಳಿ ಹಗ್ಗ ಹಿಡಿದು, ಇಪ್ಪತ್ತು ವರ್ಷಗಳಲ್ಲಿ ತಯಾರಾಗಬೇಕು.

ಇಂಗ್ಲಿಷರ ಆಳ್ವಿಕೆಯಲ್ಲಿ ಬಂದ ತೊಂದರೆಯ ರೀತಿ ಬೇರೆ. ಯೂರೋಪಿನ ಯುದ್ಧಗಳಿಂದಾಗಿ ಅವರ ನೌಕಾಬಲಕ್ಕೆ ತೇಗವು ಬೇಕಾಗಿತ್ತು. 1806ರಲ್ಲಿ ವಾಟ್ಸನ್ ಎಂಬ ಕಪ್ತಾನನನ್ನು ಮಲಬಾರ ಮತ್ತು ಕಾನಡಾ ಪ್ರಾಂತಗಳ ಕಾಡುಗಳ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿ, ತೇಗದ ಮರಗಳ ಮೇಲೆ ಸರ್ಕಾರದ ಹಕ್ಕನ್ನು ಸಾರಿದರು. ಖಾಸಗಿಯವರು ಕಡಿಯುವಂತಿಲ್ಲವೆಂದಾಯಿತು. ದಂಡೆಯ ಬಡಗಿಗೆ ಘಟ್ಟದ ಮರ ಎಟುಕದಂತಾಯಿತು. ಭೂಮಾಲೀಕರ ಮತ್ತು ವ್ಯಾಪಾರಿಗಳ ದೂರುಗಳು ಹೆಚ್ಚಿ, 1823ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿಸಿದನು. ಮುಂದೆ ಅರಣ್ಯದ ಇಲಾಖೆಗಳು ಬೇರೆ ರೂಪದಲ್ಲಿ ಬಂದೇ ಬಂದುವು. ತೇಗವು ಹಡಗಿನ ಮೈಗೆ. ಕೂವೆಗೂ ಅಡ್ಡಮರಕ್ಕೂ ಬೇಕಾದುದು ಬೇರೆ ಜಾತಿ. ಘಟ್ಟದಲ್ಲಿ ಸುರಹೊನ್ನೆಯ ಬಳಗದ ಒಂದು ಮರವು ಕೊಂಬೆಯಿಲ್ಲದೆ ಬಾಣದಂತೆ ನೆಟ್ಟಗೆ ಬೆಳೆಯುವುದು. ಹಗುರ, ನೀಳ, ಬಳುಕಿದರೂ ಬೇಗ ಮುರಿಯದು. ಇಂಗ್ಲಿಷರು ಇದನ್ನು ಪೂನ್ ಎಂದು ಕರೆದು ತಮ್ಮ ಹಡಗುಗಳ ಕೂವೆಗಳಿಗೆ ಆರಿಸಿಕೊಂಡರು.

ಇನ್ನು ಕುಮಟೆಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಬಯಲಿನ ಹತ್ತಿಯು ಎತ್ತುಗಳ ಬೆನ್ನಮೇಲೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ಹಾಯಿಯ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ನಿಂತಾಗ ಈ ವ್ಯಾಪಾರವು ಉಬ್ಬರಕ್ಕೆ ಬಂದಿತು. ಆ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರೇ ನಿಂತುಬಿಟ್ಟಿತು. ಬೆಳೆದ ಊರಿನ ಹೆಸರಲ್ಲ, ಹಡಗನ್ನೇರಿದ ಊರಿನ ಹೆಸರು. 1862ರಲ್ಲಿ ಉತ್ತರ ಕಾನಡಾ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೂ ಈ ಹತ್ತಿಯ ದಾರಿಗೂ ಸಂಬಂಧವಿಲ್ಲದಿಲ್ಲ. ಆದರೆ 1888ರಲ್ಲಿ ಮರ್ಮಗೋವೆಗೆ ರೈಲುದಾರಿ ತೆರೆಯಿತು. ಹತ್ತಿಯು ಆ ಕಡೆಗೆ ಹರಿಯಿತು. ಕುಮಟೆಯ ದಂಡೆಯಲ್ಲಿ ಹಡಗುಗಳು ವಿರಳವಾದುವು.

ಹಡಗುಗಳು ಕಡಮೆಯಾದೊಡನೆ ಕೈಗಳೂ ಕಡಮೆಯಾಗುವುದು ಸಹಜ. ಬಂದರಿನ ವರ್ಷದಲ್ಲಿ ಎರಡು ಋತುಗಳಿದ್ದುವು. ಮುಂಗಾರು ಹತ್ತಿರವಾದಾಗ ನಾವೆಗಳನ್ನು ದಡಕ್ಕೆಳೆದು, ತೆಂಗಿನ ಮಡಲಿನ ಚಪ್ಪರ ಹಾಕಿ, ಕೂವೆ ಅಡ್ಡಮರಗಳನ್ನಿಳಿಸಿ ನೆರಳಿನಲ್ಲಿ ಮಲಗಿಸುತ್ತಿದ್ದರು. ಮಳೆಗಾಲದ ಆ ತಿಂಗಳುಗಳೇ ದುರಸ್ತಿಯ ಕಾಲ, ಹುಡುಗರು ವಿದ್ಯೆ ಕಲಿಯುವ ಕಾಲವೂ ಅದೇ. ಶ್ರಾವಣದ ಹುಣ್ಣಿಮೆಯಲ್ಲಿ ಖಾರ್ವಿಗಳು ಮೊದಲಾದ ಕಡಲ ಮಕ್ಕಳು ಸಮುದ್ರಕ್ಕೆ ತೆಂಗಿನಕಾಯಿಯನ್ನರ್ಪಿಸಿದ ಮೇಲೆ ನಾವೆಗಳು ಮತ್ತೆ ನೀರಿಗಿಳಿಯುವುವು. ಸ್ವಾತಂತ್ರ್ಯದ ಅನಂತರದ ದಶಕಗಳಲ್ಲಿ ಯಂತ್ರದ ದೋಣಿಗಳು ಬಂದುವು. ಯಂತ್ರಕ್ಕೆ ಅಡ್ಡಮರ ಬೇಡ. ಅದು ಕೆಟ್ಟರೆ ಬೇಕಾದವನು ಬೇರೆ ಕಸಬಿನವನು. ಮೀನುಗಾರನ ದುಡಿಮೆ ಹಗುರವಾಯಿತು, ಗಾಳಿಯ ಹಂಗು ತಪ್ಪಿತು. ಇದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದ ಮೇಲೆ ಭಟ್ಕಳ, ಹೊನ್ನಾವರ, ಕುಮಟೆಗಳನ್ನು ರೈಲಿನ ಕಿಟಕಿಯಿಂದಲೇ ನೋಡಬಹುದಾಯಿತು. ಹೋದುದು ಹಾಯಿಯೊಂದೇ ಅಲ್ಲ, ಅದರೊಡನೆ ಒಂದು ತಿಳಿವಳಿಕೆಯೂ ಹೋಯಿತು. ನಾವು ಹೇಳಬೇಕೆಂದಿರುವುದು ಇಷ್ಟೇ.

ಈ ತಿಳಿವಳಿಕೆಯು ಬರಿಯ ಹಳಮೆಯಲ್ಲವೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು ಒಮಾನ್ ದೇಶದ ಸೂರ್ ಎಂಬಲ್ಲಿ, ಮಲಬಾರಿನ ಮರವನ್ನೂ ಲಕ್ಷದ್ವೀಪದ ಹಗ್ಗದ ಕೆಲಸಗಾರರನ್ನೂ ತರಿಸಿ, ಮೊಳೆಯಿಲ್ಲದ ಹಡಗೊಂದನ್ನು ಹೊಲಿಸಿ ಅದಕ್ಕೆ ಸೊಹಾರ್ ಎಂದು ಹೆಸರಿಟ್ಟನು. 1981ರಲ್ಲಿ ಸಿಂಹಳಕ್ಕೂ ಸುಮಾತ್ರಕ್ಕೂ ನಡುವೆ, ಗಾಳಿಯು ಹಠಾತ್ತನೆ ತಿರುಗಿ ಹಾಯಿಯನ್ನು ಹಿಂದಕ್ಕೊತ್ತಿದಾಗ, ಅದರ ದೊಡ್ಡ ಅಡ್ಡಮರವು ಮುರಿಯಿತು. ಅದು ನಾವು ಮೊದಲು ವಿವರಿಸಿದ ಆಪತ್ತೇ. ನೂರಾರು ಮೈಲಿ ದಂಡೆಯಿಲ್ಲ, ಬಡಗಿಯ ಅಂಗಡಿಯಿಲ್ಲ. ಹಡಗಿನವರು ತಮ್ಮಲ್ಲಿದ್ದ ಮರದಿಂದಲೇ ಹಾಯಿಯನ್ನು ಮತ್ತೆ ಏರಿಸುವ ಏರ್ಪಾಡು ಮಾಡಿಕೊಂಡು ಮುಂದೆ ಸಾಗಿ, ಅದೇ ವರ್ಷದ ಜುಲೈಯಲ್ಲಿ ಚೀನದ ಕ್ಯಾಂಟನ್ ಬಂದರನ್ನು ಮುಟ್ಟಿದರು.

ಎರಡನೆಯದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ನಡೆದುದು. ಅಜಂತೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಗೋವೆಯಲ್ಲಿ ಕೇರಳದ ಕೆಲಸಗಾರರು ತೆಂಗಿನ ನಾರಿನಿಂದ ಹೊಲಿದ ಹಡಗನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತದ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಕೌಂಡಿನ್ಯ ಎಂಬುದು ಅದರ ಹೆಸರು. ಅದರ ಚೌಕನೆಯ ಹಾಯಿಗಳೂ ಅಡ್ಡಮರಗಳಿಂದಲೇ ತೂಗುತ್ತವೆ. ಅಂಜದೀವದ ಸಮೀಪದಲ್ಲಿ, ಮೊಳೆ ಹೊಡೆದ ಹಡಗುಗಳು ದುರಸ್ತಿಗೆ ನಿಂತ ಆ ಕಡಲಿನಲ್ಲಿ, ಐದು ಶತಮಾನಗಳ ತರುವಾಯ ಹೊಲಿದ ಹಡಗೊಂದು ಮತ್ತೆ ತೇಲಿತು. ಹೊಲಿಗೆಯನ್ನರಿತ ಕೆಲವು ಕೈಗಳು ಕೇರಳದಲ್ಲಿ ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಉಳಿಯದಿದ್ದರೆ ಅಜಂತೆಯ ಚಿತ್ರವೊಂದರಿಂದಲೇ ಹಡಗನ್ನು ಕಟ್ಟುವುದು ಯಾರಿಗೂ ಆಗುತ್ತಿರಲಿಲ್ಲ.

ನಮ್ಮ ಊರುಗಳ ಚರಿತ್ರೆಯನ್ನು ಬರೆಯುವವರು ಇನ್ನು ಮುಂದೆ ಶಾಸನಗಳ ಜೊತೆಗೆ ದಂಡೆಯ ಮೇಲಿನ ಮುದುಕರ ಮಾತನ್ನೂ ಬರೆದಿಡಬೇಕೆಂದು ನಾವು ಕೋರುತ್ತೇವೆ. ಕಲ್ಲಿನ ಮೇಲಿನ ಅಕ್ಷರವು ನಮಗಾಗಿ ಇನ್ನೂ ನೂರು ವರ್ಷ ಕಾದೀತು. ಯಾವ ಮರಕ್ಕೆ ಎಷ್ಟು ಓರೆ, ಯಾವ ಕಟ್ಟಿಗೆ ಎಷ್ಟು ಸುತ್ತು, ಬೆಣೆಯನ್ನು ಯಾವ ಮಗ್ಗುಲಿನಿಂದ ಹೊಡೆಯಬೇಕು ಎಂಬುದನ್ನು ಬಲ್ಲವನು ಅಷ್ಟು ಕಾಲ ಕಾಯಲಾರನು. ಭಟ್ಕಳದ ಹೊಳೆಯ ದಂಡೆಯಲ್ಲಿಯೋ ಹೊನ್ನಾವರದ ಅಳಿವೆಯಲ್ಲಿಯೋ ಅಂಥವನೊಬ್ಬನು ಸಿಕ್ಕಿದರೆ, ಶ್ರೋತೃಗಳು ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು, ಮುರಿದ ಮರವನ್ನು ಕಟ್ಟುವುದು ಹೇಗೆಂದು ಕೇಳಿ, ಅವನು ಹೇಳಿದುದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ.